ಕಣ್ಣೊಳಗಿನ ಗುಡ್ಡ ಮತ್ತು ರೊಳ್ಳದ ಭಾವ

ಒಬ್ಬ ಮನುಷ್ಯನಿಗೆ ಕೊಬ್ಬು ಬಂದಿದೆಯೋ ಇಲ್ಲವೋ ಎಂದು ತೀರ್ಮಾನಿಸಲು ನಮ್ಮ ಕಡೆ ದೊಡ್ಡ ವಿಚಾರಣೆಯೇನೂ ನಡೆಯುವುದಿಲ್ಲ. ಅವನು ಮಹಡಿ ಮನೆ ಕಟ್ಟಿಸಲಿ, ಕಾರು ತರಲಿ, ಜನ ಹೇಗೋ ಸಹಿಸಿಕೊಳ್ಳುತ್ತಾರೆ. ಆದರೆ ಎದುರಿಗೆ ಬಂದಾಗ ಮಾತಾಡಿಸದೆ ಹೋದ ಎಂದಾದರೆ ಮುಗಿಯಿತು, ಅವನ ಕಥೆ ಅಲ್ಲಿಗೆ ಇತ್ಯರ್ಥ. "ನೋಡಿನೂ ನೋಡದಂಗ ಹೋದ ನೋಡ್ರಿ" ಎಂಬ ಮಾತು ಬೆಳಿಗ್ಗೆ ರಾಯದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಹುಟ್ಟಿದರೆ ಸಂಜೆಯ ಹೊತ್ತಿಗೆ ನಮ್ಮ ಮನೆ ಬಾಗಿಲು ತಟ್ಟುತ್ತದೆ. ನನ್ನ ಬಗ್ಗೆ ಇಂಥ ಮಾತುಗಳು ಎಷ್ಟೋ ಹುಟ್ಟಿವೆ. ನಿಜ ಹೇಳಬೇಕೆಂದರೆ ಕೊಬ್ಬು ಬರಿಸಿಕೊಳ್ಳುವಂಥ ಕಾರಣ ನನ್ನಲ್ಲಿ ಒಂದೂ ಇಲ್ಲ. ನಾನು ಕಣೇಕಲ್ಲಿನ ಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರು. ಹೆಂಡತಿಯ ತವರಾದ ರಾಯದುರ್ಗದಲ್ಲಿ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲೋ ಆಟೋದಲ್ಲೋ ಓಡಾಡುವವನು. ನನಗೆ ಬಂದಿದ್ದದ್ದು ಕೊಬ್ಬಲ್ಲ, ಕಣ್ಣಿನ ಕಾಯಿಲೆ. ಆದರೆ ಎರಡೂ ಹೊರಗಿನಿಂದ ನೋಡುವವರಿಗೆ ಒಂದೇ ಥರ ಕಾಣುತ್ತವೆ.

ನನ್ನ ಕಣ್ಣಿನ ಕಥೆ ಬಹಳ ಹಳೆಯದು. ಹುಣ್ಣಿಮೆಯ ದಿನ ಎಲ್ಲರಿಗೂ ಒಬ್ಬ ಚಂದ್ರ ಕಂಡರೆ ನನಗೆ ಒಬ್ಬನ ಮೇಲೊಬ್ಬ ಹತ್ತಿ ಕೂತ ಮೂವರು ಕಾಣುತ್ತಿದ್ದರು. ಬಸ್ಸಿನ ಬೋರ್ಡಿನ ಪ್ರತಿ ಅಕ್ಷರಕ್ಕೂ ಒಂದು ಬಾಲ, ಬಾಲಕ್ಕೊಂದು ನೆರಳು. ಕನ್ನಡಕದ ಅಂಗಡಿಯವನು ವರ್ಷಕ್ಕೊಮ್ಮೆ ಗಾಜು ಬದಲಿಸುತ್ತಿದ್ದ, ನಾನು ವರ್ಷಕ್ಕೊಮ್ಮೆ ಅವನನ್ನು ಬೈಯುತ್ತಿದ್ದೆ. ದಪ್ಪ ಕಪ್ಪು ಫ್ರೇಮಿನ ಕನ್ನಡಕ ಮುಖದ ಮೇಲೆ ಕೂತಿದ್ದರಿಂದ ಎಲ್ಲರೂ ನನ್ನನ್ನು ಗಂಭೀರ ಮನುಷ್ಯ ಎಂದುಕೊಂಡಿದ್ದರು. ಎದುರಿಗೆ ಬಂದವರನ್ನು ನೋಡದೆ ದೂರಕ್ಕೆ ದೃಷ್ಟಿ ನೆಟ್ಟು ನಡೆಯುವ ನನ್ನ ರೀತಿಯನ್ನು ಕಂಡು ಒಬ್ಬ ಸಹೋದ್ಯೋಗಿಯಂತೂ, "ಮೇಷ್ಟ್ರು ಏನೋ ದೊಡ್ಡ ವಿಚಾರದಾಗ ಇರ್ತಾರ" ಎಂದು ಊರೆಲ್ಲ ಹೇಳಿದ್ದ. ದೂರದಲ್ಲಿ ಬರುತ್ತಿರುವುದು ಎಮ್ಮೆಯೋ ಟ್ರಾಕ್ಟರೋ ಎಂಬುದೇ ಆಗ ನನ್ನ ದೊಡ್ಡ ವಿಚಾರವಾಗಿರುತ್ತಿತ್ತು. ಆ ಹೆಸರು ಕೆಡಿಸಿಕೊಳ್ಳಲು ಮನಸ್ಸಾಗದೆ ನಾನೂ ಸುಮ್ಮನಿದ್ದುಬಿಟ್ಟೆ.

ಇನ್ನೊಂದು ತಾಪತ್ರಯ ನಮ್ಮ ಹಾಗೆ ಆಂಧ್ರದ ಗಡಿಯಲ್ಲಿ ಇರುವವರಿಗೆ ಮಾತ್ರ ಅರ್ಥವಾಗುವಂಥದ್ದು. ನಮಗೆ ಬಾಯಿ ಒಂದಾದರೂ ಭಾಷೆ ಎರಡು. ಮನೆಯಲ್ಲಿ, ನೆಂಟರಲ್ಲಿ ಕನ್ನಡ. ಆಫೀಸಿನಲ್ಲಿ, ಬಜಾರಿನಲ್ಲಿ, ಗುರುತಿಲ್ಲದವರ ಜೊತೆ ತೆಲುಗು. ಯಾರ ಹತ್ತಿರ ಯಾವುದು ಎಂದು ಯಾರೂ ಯಾರಿಗೂ ಕಲಿಸಿಕೊಟ್ಟಿಲ್ಲ. ಮುಖ ಕಂಡ ಕೂಡಲೇ ನಾಲಿಗೆ ತಾನಾಗಿ ಅತ್ತಲೋ ಇತ್ತಲೋ ಹೊರಳಿಕೊಳ್ಳುತ್ತದೆ. ಆದರೆ ಮುಖವೇ ಕಾಣದವನು ಏನು ಮಾಡಬೇಕು? ಎಷ್ಟೋ ಸಲ ನಾನು ತೆಲುಗಿನ ತಹಶೀಲ್ದಾರರಿಗೆ "ಏನಪ್ಪಾ ಊಟ ಆಯ್ತಾ" ಎಂದೂ, ನಮ್ಮದೇ ಬೀದಿಯ ಗೌರಮ್ಮನಿಗೆ ಹೇಳಿ ಅಮ್ಮಾ ಎನ್ನುವ ಬದಲು "ಚೆಪ್ಪಂಡಮ್ಮಾ" ಎಂದೂ ಹೇಳಿ ಇಬ್ಬರಿಂದಲೂ ವಿಚಿತ್ರ ನೋಟ ಪಡೆದಿದ್ದೇನೆ. ನೋಟವೂ ನನಗೆ ಕಾಣಲಿಲ್ಲ ಎನ್ನಿ, ಜೊತೆಯಲ್ಲಿದ್ದ ಹೆಂಡತಿ ಆಮೇಲೆ ಹೇಳಿದ್ದು.

ಇದೆಲ್ಲ ನಗುವಿನಲ್ಲೇ ಕಳೆದುಹೋಗುತ್ತಿತ್ತು. ಆದರೆ ಒಂದು ದಿನ ನನ್ನ ತಂಗಿ ಮಂಜುಳ ರೊಳ್ಳದಿಂದ ಫೋನು ಮಾಡಿದಳು. ನಮ್ಮದು ಮೂಲದಲ್ಲಿ ಮಡಕಶಿರಾ. ಅಮ್ಮ ಈಗಲೂ ಅಲ್ಲೇ ಇದ್ದಾಳೆ, ಹದಿನೈದು ದಿನಕ್ಕೊಮ್ಮೆ ನಾನು ಹೋಗಿ ಬರುತ್ತೇನೆ. ತಂಗಿಯನ್ನು ಕೊಟ್ಟಿರುವುದು ಪಕ್ಕದ ರೊಳ್ಳಕ್ಕೆ. ಅವಳ ಗಂಡ, ನನ್ನ ಭಾವ ಹನುಮಂತರಾಯಪ್ಪ, ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವವನು. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ದೊಡ್ಡವನು, ಸಿಟ್ಟಿನಲ್ಲಿ ಬಹಳ ದೊಡ್ಡವನು.

"ಅಣ್ಣಾ, ನೀನು ಅವರಿಗೆ ಅಂಗನ್ನಬಾರದಾಗಿತ್ತು ಕಣಣ್ಣಾ" ಎಂದಳು ಮಂಜುಳ.

"ಏನಂದೆನೇ?"

"ಶನಿವಾರ ಮಡಕಶಿರಾ ಬಸ್ ಸ್ಟ್ಯಾಂಡಲ್ಲಿ ಅವರು ಕೈ ಎತ್ತಿ ನಕ್ಕಂಡು ನಿನ್ನ ಕಡೆ ಬಂದ್ರಂತೆ. ನೀನು 'ವದ್ದುಲೇ ಪೋಪ್ಪಾ' ಅಂದು ಮುಖ ತಿರುಗಿಸ್ಕಂಡು ಬಸ್ಸು ಹತ್ತಿದ್ಯಂತೆ. ಬೇಡ ಹೋಗು ಅಂತ ಕನ್ನಡದಾಗೆ ಅಂದಿದ್ರೂ ತಡ್ಕಂತಿದ್ರೇನೋ. ಸ್ವಂತ ಬಾಮೈದ ನನ್ನನ್ನ ತೆಲುಗಲ್ಲಿ ಓಡಿಸ್ದ ಅಂತ ಅವತ್ತಿಂದ ಮುದ್ದೆ ಸರಿಯಾಗಿ ಉಂಡಿಲ್ಲ."

ನನಗೆ ಅಯ್ಯೋ ಅನ್ನಿಸಿತು. ಬಸ್ ಸ್ಟ್ಯಾಂಡಿನಲ್ಲಿ ನಗುತ್ತಾ ಕೈ ಎತ್ತಿ ಬರುವವರು ಎಂದರೆ ಆಟೋದವರು. ಅವರಿಗೆ ನಾನು ಹೇಳುವುದು ಯಾವಾಗಲೂ ಅದೇ ಮಾತು, ಅದೇ ಧಾಟಿ. ಭಾವನನ್ನು ಆಟೋದವನೆಂದು ತಿಳಿದು ಕಳಿಸಿದ್ದೇನೆ, ಅಷ್ಟೇ. ಆದರೆ ತೆಲುಗಿನಲ್ಲಿ ಹೇಳಿದ್ದೇ ದೊಡ್ಡ ಅಪರಾಧ. ನಮ್ಮಲ್ಲಿ ಹತ್ತಿರದ ನೆಂಟನ ಜೊತೆ ತೆಲುಗಿನಲ್ಲಿ ಮಾತಾಡಿದರೆ ಹೊಸ್ತಿಲಿಂದ ಆಚೆ ನಿಲ್ಲಿಸಿ ಮಾತಾಡಿಸಿದ ಹಾಗೆ.

"ಜವಳಕ್ಕೆ ನಿನ್ನ ಕೈಲಿ ಕತ್ತರಿ ಇಡಿಸಲ್ಲ ಅಂತವ್ರೆ. ದೊಡ್ಡಪ್ಪನ ಮಗ ನಾಗರಾಜಣ್ಣನ್ನ ಕರೀತೀನಿ ಅಂತವ್ರೆ" ಎಂದು ತಂಗಿ ಅಳತೊಡಗಿದಳು. "ಎಷ್ಟು ವರ್ಷ ಕಾದು ಹುಟ್ಟಿದ ಮಗ ಕಣಣ್ಣಾ. ನೀನಿರಬೇಕಾದ್ರೆ ಬೇರೆಯವರ ತೊಡೆ ಮೇಲೆ ಕೂರಿಸ್ಲಾ?"

ಇದು ತಮಾಷೆಯ ಮಾತಲ್ಲ. ಮಗುವಿನ ಹುಟ್ಟುಗೂದಲು ತೆಗೆಸುವ ಜವಳದ ದಿನ ಮಗು ಕೂರಬೇಕಾದದ್ದು ಸೋದರಮಾವನ ತೊಡೆಯ ಮೇಲೆ, ಮೊದಲ ಎಳೆಗೆ ಕತ್ತರಿ ಇಡಬೇಕಾದವನೂ ಸೋದರಮಾವನೇ. ಆಮೇಲೆ ಮಿಕ್ಕದ್ದು ಕ್ಷೌರದವನ ಕೆಲಸ. ಮಂಜುಳ ಮಕ್ಕಳಿಲ್ಲ ಎಂಬ ಮಾತು ಕೇಳಿ ಕೇಳಿ ಸೋತು, ಪಕ್ಕದ ಹೇಮಾವತಿ ಊರಿನ ಸಿದ್ದೇಶ್ವರನಿಗೆ ಹರಕೆ ಹೊತ್ತು ಪಡೆದ ಹುಡುಗ ಅವನು. ಅವನ ಜವಳದಲ್ಲಿ ನಾನು ಹಿಂದೆ ನಿಂತು ನೋಡುವುದು, ನಾಗರಾಜ ಮುಂದೆ ಕೂತು ಕತ್ತರಿ ಹಿಡಿಯುವುದು, ಇದನ್ನು ನೆನೆಯಲೂ ಆಗಲಿಲ್ಲ. ಅವತ್ತು ನನಗೂ ಊಟ ಸೇರಲಿಲ್ಲ.

ನನ್ನ ಹೆಂಡತಿ ರೇಣುಕಾ ಮಾತ್ರ ಹುಬ್ಬು ಗಂಟಿಕ್ಕಿದಳು. "ಅಲ್ರೀ, ಆ ಶನಿವಾರ ನೀವು ಮಡಕಶಿರಾಕ್ಕ ಎಲ್ಲಿ ಹೋಗಿದ್ರಿ? ಕಣೇಕಲ್ಲಿನಾಗ ಇದ್ರಲ್ಲ? ಸಂಜಿ ಮುಂದ ಮೈತುಂಬ ಉಸುಕು ತುಂಬ್ಕಂಡು ಬಂದ್ರಿ, ನಾನೇ ಅಂಗಿ ಜಾಡಿಸೀನಿ."

"ಅದು ಅದರ ಹಿಂದಿನ ಶನಿವಾರ ಕಣೇ."

"ಹಿಂದಿನದಲ್ರೀ, ಅದ ಶನಿವಾರ."

"ಭಾವ ಸುಳ್ಳು ಹೇಳ್ತಾನಾ? ಅವನ ಕಣ್ಣು ಎಂಥಾ ಕಣ್ಣು ಗೊತ್ತಾ ನಿನಗೆ? ಆಗ ತಾನೇ ಮೊಟ್ಟೆ ಒಡೆದು ಬಂದ ಹುಳಕ್ಕೆ ಜಡ್ಡು ಬಂದಿದ್ದರೂ ಹಿಡೀತಾನೆ" ಎಂದು ಅವಳ ಬಾಯಿ ಮುಚ್ಚಿಸಿದೆ. ನನ್ನ ಕಣ್ಣಿಗೂ ನೆನಪಿಗೂ ಭಾವನ ಕಣ್ಣಿಗೂ ಜಗಳ ಬಿದ್ದರೆ ನಾನು ಭಾವನ ಪಕ್ಷವೇ. ಗುರುತು ಹಿಡಿಯದೆ ಬೈಸಿಕೊಂಡು ಬೈಸಿಕೊಂಡು, ಯಾರು ಏನು ಆರೋಪ ಹೊರಿಸಿದರೂ ಇದ್ದರೂ ಇರಬಹುದು ಎಂದು ತಲೆಬಾಗುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು.

ಮುಂದಿನ ಭಾನುವಾರವೇ ರೊಳ್ಳಕ್ಕೆ ಹೋದೆ. ಭಾವ ಹುಳುಮನೆಯಲ್ಲಿದ್ದ. ನಾನು ಬಾಗಿಲಲ್ಲಿ ನಿಂತು, "ಭಾವ, ತಪ್ಪಾಯ್ತು" ಎಂದೆ. ಅವನು ತಲೆ ಎತ್ತಲಿಲ್ಲ. ನಾನು ಮೇಷ್ಟ್ರು, ಬರೀ ತಪ್ಪಾಯ್ತು ಎಂದರೆ ನಾನೇ ಹುಡುಗರನ್ನು ಬಿಡುವುದಿಲ್ಲ, ಏನು ತಪ್ಪು ಅಂತ ಬಿಡಿಸಿ ಹೇಳು ಎನ್ನುತ್ತೇನೆ. ಹಾಗಾಗಿ ಬಿಡಿಸಿ ಹೇಳತೊಡಗಿದೆ. ನೀವು ಬಿಳಿ ಅಂಗಿ ಹಾಕಿಕೊಂಡಿದ್ದಿರಿ ಅಂತ ಈಗ ನೆನಪಾಗುತ್ತಿದೆ, ಕೈಯಲ್ಲಿ ಚೀಲ ಇತ್ತು, ನೀವು ನಕ್ಕಿದ್ದೂ ಮಸುಕುಮಸುಕಾಗಿ ಕಂಡಿತ್ತು, ಆದರೂ ನನ್ನ ಪಾಪಿ ನಾಲಿಗೆ ಆಟೋದವನೆಂದುಕೊಂಡುಬಿಟ್ಟಿತು ಎಂದೆಲ್ಲ ಹೇಳಿದೆ. ಭಾವ ಯಾವಾಗಲೂ ಬಿಳಿ ಅಂಗಿಯೇ ಹಾಕುವುದು, ಚೀಲವಿಲ್ಲದೆ ಮಡಕಶಿರಾಕ್ಕೆ ಬರುವವನೇ ಅಲ್ಲ. ಹೇಳುತ್ತಾ ಹೇಳುತ್ತಾ ನನಗೇ ಆ ದೃಶ್ಯ ಕಣ್ಣಿಗೆ ಕಟ್ಟಿತು. ನಿಜವಾದ ಕಣ್ಣಿಗೆ ಯಾವತ್ತೂ ಅಷ್ಟು ಸ್ಪಷ್ಟವಾಗಿ ಕಟ್ಟಿರಲಿಲ್ಲ.

ಭಾವ ಸ್ವಲ್ಪ ಕರಗಿದ. ತಟ್ಟೆಯಿಂದ ಒಂದು ಹುಳ ಎತ್ತಿ ಮೂಗಿನ ಹತ್ತಿರ ಹಿಡಿದು, "ನೋಡಿ ಮೇಷ್ಟ್ರೇ, ಈ ಹುಳದ ಮೂತಿ ನಂಗೆ ಕಾಣ್ತದೆ. ನಮ್ಮ ವಂಶದಾಗೆ ಕನ್ನಡಕ ಮುಟ್ಟಿದೋರು ಯಾರೂ ಇಲ್ಲ. ನಿಮಗೆ ಆನೆಯಂಥ ಭಾವ ಕಾಣ್ಲಿಲ್ಲ ಅಂದ್ರೆ ನಾನು ನಂಬಬೇಕಾ?" ಎಂದ.

"ನಿಜವಾಗ್ಲೂ ಕಾಣಲ್ಲ ಭಾವ."

"ಅಂಗಾದ್ರೆ ಕಣ್ಣು ಸರಿ ಮಾಡಿಸ್ಕಂಡು ಬನ್ನಿ. ಜವಳದ ದಿನ ಹೇಮಾವತಿ ಗುಡಿ ಅಂಗಳದಾಗೆ ಅಷ್ಟು ಜನ ಇರ್ತಾರೆ. ನಾನು ಮಾತಾಡ್ಸೋಕ್ಕೆ ಮುಂಚೆ ನೀವೇ ದೂರದಿಂದ ಗುರುತಿಡಿದು ಕನ್ನಡದಾಗೆ ಮಾತಾಡ್ಸಿ. ಅವಾಗ ಕತ್ತರಿ ಕೊಡ್ತೀನಿ. ಇಲ್ಲಾಂದ್ರೆ ನಾಗರಾಜ ಇದ್ದೇ ಅವನೆ."

ಹೀಗೆ ನನ್ನ ಸೋದರಮಾವತನ ಕಣ್ಣಿನ ಪರೀಕ್ಷೆಗೆ ಕೂತಿತು. ರೇಣುಕಾ ನನ್ನನ್ನು ಬಳ್ಳಾರಿಗೆ ಹೊರಡಿಸಿದಳು. ಅಲ್ಲಿನ ಕಣ್ಣಿನ ಡಾಕ್ಟರಮ್ಮ ಒಂದು ಯಂತ್ರದ ಮುಂದೆ ಗಲ್ಲ ಊರಿಸಿ, ಕೆಂಪು ಹಳದಿ ಹಸಿರು ಬಣ್ಣಗಳ ಒಂದು ಚಿತ್ರ ತೆಗೆದು ನನ್ನ ಮುಂದೆ ಹಿಡಿದರು. "ನಿಮ್ಮ ಕಣ್ಣಿನಾಗ ಒಂದು ಗುಡ್ಡ ಐತ್ರಿ" ಎಂದರು. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ ಎಲ್ಲರಿಗೂ ನುಣ್ಣಗೆ ಗುಂಡಗೆ ಇರುತ್ತದಂತೆ. ನನಗೆ ಅದು ತೆಳ್ಳಗಾಗಿ ಮುಂದಕ್ಕೆ ಚೂಪಾಗಿ ಉಬ್ಬಿಕೊಂಡಿದೆ. ಬೆಳಕು ಆ ಗುಡ್ಡದ ಇಳಿಜಾರುಗಳಲ್ಲಿ ದಿಕ್ಕಾಪಾಲಾಗುತ್ತದೆ. ಅದಕ್ಕೇ ಮೂವರು ಚಂದ್ರರು. ಕೆರಟೋಕೋನಸ್ ಎಂದು ಅದರ ಹೆಸರು. ಕಣ್ಣಿನ ಮುಂದೆ ದೂರದಲ್ಲಿ ನಿಂತ ಕನ್ನಡಕ ಇದನ್ನು ಪೂರ್ತಿ ಸರಿ ಮಾಡಲಾರದು. "ಕಣ್ಣು ಭಾಳ ಉಜ್ತೀರೇನ್ರಿ?" ಎಂದು ಕೇಳಿದರು. ಪಕ್ಕದಲ್ಲಿದ್ದ ರೇಣುಕಾ, "ದಿನಾ ರೊಟ್ಟಿ ಹಿಟ್ಟು ನಾದಿದಂಗ ಉಜ್ತಾರ್ರಿ" ಎಂದು ನನ್ನ ಮಾನ ಕಳೆದಳು. ರಾಯದುರ್ಗದಲ್ಲಿ ದಿನಾ ಬೆಟ್ಟ ನೋಡುತ್ತಾ ಬದುಕುವವನ ಕಣ್ಣೊಳಗೇ ಬೆಟ್ಟ ಎದ್ದಿದೆ ಎಂದರೆ ಯಾರಿಗಾದರೂ ಸ್ವಲ್ಪ ಹೆಮ್ಮೆಯಾಗಬೇಕು. ನನಗೆ ಭಯವೇ ಆಯಿತು.

ಆ ಗುಡ್ಡಕ್ಕೆ ಮದ್ದು ಎಂದರೆ ಅಳತೆ ಕೊಟ್ಟು ಮಾಡಿಸಿದ ಗಟ್ಟಿ ಕಾಂಟ್ಯಾಕ್ಟ್ ಲೆನ್ಸು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಮೆತ್ತನೆಯದು ಗುಡ್ಡದ ಮೇಲೆ ಹಾಸಿದರೆ ತಾನೂ ಗುಡ್ಡದ ಆಕಾರಕ್ಕೇ ಬರುತ್ತದಂತೆ. ಗಟ್ಟಿಯದು ತನ್ನ ಆಕಾರ ಬಿಡುವುದಿಲ್ಲ. ಅದರ ಮಧ್ಯಭಾಗ ಎಷ್ಟು ಡೊಂಕಿರಬೇಕು, ಅಂಚು ಎಷ್ಟು ಚಪ್ಪಟೆ ಇರಬೇಕು, ಅಡ್ಡಳತೆ ಎಷ್ಟು, ಇದೆಲ್ಲ ನನ್ನ ಗುಡ್ಡ ನೋಡಿಯೇ ನಿರ್ಧಾರವಾಗಬೇಕು. ಡಾಕ್ಟರಮ್ಮ ಒಂದಾದ ಮೇಲೊಂದು ಮಾದರಿ ಲೆನ್ಸು ಇಟ್ಟರು, ಕಣ್ಣಿಗೆ ಹಳದಿ ಬಣ್ಣ ಸೋಕಿಸಿದರು, ನೀಲಿ ದೀಪ ಹಾಕಿ ಇಣುಕಿದರು. ತುದಿಯಲ್ಲಿ ಒತ್ತಿತು, ತೆಗೆದರು. ಅಂಚು ಎದ್ದಿತು, ತೆಗೆದರು. ನಮ್ಮೂರಿನಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವವರು ಸೊಂಟ ಹಿಡಿದರೆ ತೊಡೆ ಸಡಿಲ, ತೊಡೆ ಹಿಡಿದರೆ ಸೊಂಟ ಸಡಿಲ ಎಂದು ಒದ್ದಾಡುವುದನ್ನು ನೋಡಿದ್ದೇನೆ. ಕಾಳಿನಷ್ಟು ಜಾಗದಲ್ಲಿ ಅದೇ ಒದ್ದಾಟ ನಡೆಯುತ್ತಿತ್ತು. ರೆಪ್ಪೆ ಹೊಡೆದಾಗ ಅದು ಒಂಚೂರು ಜಾರಿ ಮತ್ತೆ ತನ್ನ ಜಾಗಕ್ಕೆ ಬರಬೇಕಂತೆ. ಪೂರ್ತಿ ಅಂಟಿಕೊಂಡರೂ ತಪ್ಪು, ಓಡಾಡಿದರೂ ತಪ್ಪು.

ಅವರು ಹೇಳಿದ ಇನ್ನೊಂದು ಮಾತು ಮನಸ್ಸಿನಲ್ಲಿ ಉಳಿಯಿತು. "ಲೆನ್ಸು ನಿಮ್ಮ ಕಣ್ಣಿನ ಮ್ಯಾಗ ಪೂರ್ತಿ ಕುಂದರಂಗಿಲ್ರಿ. ಲೆನ್ಸಿಗೂ ಗುಡ್ಡಕ್ಕೂ ನಡುವಿನ ಸಂದಿನಾಗ ನಿಮ್ಮ ಕಣ್ಣೀರು ತುಂಬ್ಕಂತತಿ. ಏರು ತಗ್ಗು ಎಲ್ಲ ಆ ನೀರೇ ಸಮ ಮಾಡತತಿ. ಅರ್ಧ ಕೆಲಸ ಲೆನ್ಸಿಂದು, ಇನ್ನರ್ಧ ಕಣ್ಣೀರಿಂದು." ಮದುವೆಯಾದ ಗಂಡಸು ನಾನು, ಕಣ್ಣೀರಿಗೆ ಕೊರತೆಯಿಲ್ಲ ಎಂದು ನಗಿಸಲು ನೋಡಿದೆ. ಇಬ್ಬರು ಹೆಂಗಸರೂ ನಗಲಿಲ್ಲ.

ಲೆನ್ಸು ತಯಾರಾಗಿ ಬಂದ ಮೇಲೆ ನನ್ನ ನಿಜವಾದ ಶಿಕ್ಷಣ ಆರಂಭವಾಯಿತು. ಒಂದು ಕೈಯಿಂದ ರೆಪ್ಪೆ ಅಗಲಿಸಿ, ಇನ್ನೊಂದು ಕೈಯ ಬೆರಳ ತುದಿಯಲ್ಲಿ ಲೆನ್ಸು ಕೂರಿಸಿ, ಕಣ್ಣಿಗೆ ತರಬೇಕು. ಬೆರಳು ಹತ್ತಿರ ಬಂದ ಕೂಡಲೇ ನನ್ನ ತಲೆ ಹಿಂದಕ್ಕೆ ಹೋಗುತ್ತಿತ್ತು. ಬೆರಳೂ ನನ್ನದೇ, ಕಣ್ಣೂ ನನ್ನದೇ, ಆದರೂ ಇಬ್ಬರಿಗೂ ಪರಸ್ಪರ ನಂಬಿಕೆಯಿಲ್ಲ. ಹೀಗೆ ಹಿಂದಕ್ಕೆ ಸರಿಯುತ್ತಾ ಸರಿಯುತ್ತಾ ಒಂದು ಬೆಳಿಗ್ಗೆ ಕನ್ನಡಿಯಿಂದ ಹೊರಟು ಅಡುಗೆಮನೆಯ ಬಾಗಿಲಿಗೆ ಬೆನ್ನು ತಾಗಿಸಿದ್ದೆ. ತೆಗೆಯುವುದಕ್ಕೆ ಒಂದು ಪುಟ್ಟ ರಬ್ಬರಿನ ಹೀರುಬಟ್ಟಲು ಕೊಟ್ಟಿದ್ದರು. ಅದನ್ನು ಲೆನ್ಸಿಗೆ ಒತ್ತಿ ಎಳೆಯಬೇಕು. ಮೊದಲ ದಿನ ಲೆನ್ಸು ಪಕ್ಕಕ್ಕೆ ಜಾರಿತ್ತು, ನಾನು ಎಳೆದದ್ದು ಬರೀ ಕಣ್ಣನ್ನು. ನಾನು ಹಾಕಿದ ಕೂಗಿಗೆ ಪಕ್ಕದ ಮನೆಯವರು ಹಾವೇನೋ ಬಂದಿದೆ ಎಂದು ಕೋಲು ಹಿಡಿದು ಬಂದರು.

ಮಿರ್ಚಿಯ ಪ್ರಸಂಗ ಹೇಳದಿದ್ದರೆ ರಾಯದುರ್ಗಕ್ಕೆ ಅನ್ಯಾಯವಾಗುತ್ತದೆ. ನಮ್ಮಲ್ಲಿ ಸಂಜೆಯಾದರೆ ಒಗ್ಗರಣೆ ಮಂಡಕ್ಕಿ, ಜೊತೆಗೆ ಬಿಸಿ ಮಿರ್ಚಿ, ಅಂದರೆ ಮೆಣಸಿನಕಾಯಿ ಬಜ್ಜಿ. ತಿಂದು ಕೈ ತೊಳೆದೆ. ಸೋಪು ಹಾಕಿಯೇ ತೊಳೆದೆ ಎಂದು ಇವತ್ತಿಗೂ ವಾದಿಸುತ್ತೇನೆ. ಆಮೇಲೆ ಲೆನ್ಸು ತೆಗೆಯಲು ಹೋಗಿ ಕಣ್ಣಿಗೆ ಬೆರಳಿಟ್ಟೆ. ಮುಂದಿನದನ್ನು ವರ್ಣಿಸಲು ನನಗೆ ಭಾಷೆ ಸಾಲದು, ಎರಡು ಭಾಷೆ ಸೇರಿಸಿದರೂ ಸಾಲದು. ನಾನು ಅಂಗಳದಲ್ಲಿ ಸುತ್ತು ಹೊಡೆಯುತ್ತಿದ್ದರೆ ರೇಣುಕಾ ತಣ್ಣೀರಿನ ತಂಬಿಗೆ ಹಿಡಿದು ಹಿಂದೆಯೇ ಓಡುತ್ತಾ, "ನಿಂದರ್ರೀ! ಒಂದ್ಕಡಿ ನಿಂದರ್ರೀ! ಓಡೋ ಕಣ್ಣಿಗೆ ನೀರು ಹೆಂಗ ಹಾಕ್ಲಿ?" ಎಂದು ಕೂಗುತ್ತಿದ್ದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ನನಗೆ ಮಿರ್ಚಿಯನ್ನು ಚಮಚದಲ್ಲಿ ಕೊಡುತ್ತಾರೆ.

ಕಣೇಕಲ್ಲಿನ ಗಾಳಿಯದು ಇನ್ನೊಂದು ಕಥೆ. ಆ ದಾರಿಯಲ್ಲಿ ಗಾಳಿ ಎದ್ದರೆ ಉಸುಕೂ ಏಳುತ್ತದೆ. ಗಟ್ಟಿ ಲೆನ್ಸಿನ ಅಡಿಗೆ ಒಂದೇ ಒಂದು ಕಣ ಸೇರಿದರೂ ಪ್ರಾಣ ಹೋದಷ್ಟು ಉರಿ. ಒಂದು ದಿನ ಶೇರ್ ಆಟೋದಲ್ಲಿ ಕೂತು ಎರಡೂ ಕಣ್ಣಿಂದ ಧಾರಾಕಾರ ನೀರು ಸುರಿಸುತ್ತಿದ್ದೆ. ಎದುರಿಗೆ ಕೂತಿದ್ದ ಅಜ್ಜಿ ನನ್ನ ಮೊಣಕಾಲು ತಟ್ಟಿ, "ಯಾರು ಹೋದ್ರಪ್ಪಾ?" ಎಂದಳು. ಲೆನ್ಸಿನ ವಿಷಯ ವಿವರಿಸುವ ಶಕ್ತಿ ಇರಲಿಲ್ಲ, ಸುಮ್ಮನೆ ತಲೆಯಾಡಿಸಿದೆ. ಇಡೀ ಆಟೋ ಊರು ಬರುವ ತನಕ ಮಾತಿಲ್ಲದೆ ಕೂತಿತು. ಇಳಿಯುವಾಗ ಡ್ರೈವರ್ ನನ್ನ ಚೀಲವನ್ನು ತಾನೇ ಎತ್ತಿಕೊಟ್ಟ.

ಆದರೆ ಕಣ್ಣು ಒಗ್ಗಿದ ಮೇಲೆ ಏನು ಕಂಡಿತು ಅನ್ನುತ್ತೀರಿ! ಒಬ್ಬನೇ ಚಂದ್ರ ಕಂಡ. ಬೇವಿನ ಮರದಲ್ಲಿ ಎಲೆಗಳು ಬೇರೆಬೇರೆಯಾಗಿ ಇವೆ ಎಂದು ತಿಳಿಯಿತು. ಕ್ಲಾಸಿನ ಕೊನೆಯ ಬೆಂಚಿನಲ್ಲಿ ಶ್ರದ್ಧೆಯಿಂದ ತಲೆ ತಗ್ಗಿಸಿ ಕೂರುತ್ತಾರೆ ಎಂದು ನಾನು ಹೊಗಳುತ್ತಿದ್ದ ಹುಡುಗರು ಶೇಂಗಾ ಸುಲಿಯುತ್ತಿದ್ದರು. ಕನ್ನಡಿಯಲ್ಲಿ, ಕಪ್ಪು ಫ್ರೇಮು ಇಲ್ಲದ, ಅರ್ಧ ನರೆತ, ಏನೂ ವಿಚಾರ ಮಾಡುತ್ತಿಲ್ಲವೆಂದು ಎದ್ದು ಕಾಣುವ ಒಬ್ಬ ಮನುಷ್ಯ ನಿಂತಿದ್ದ. ನನ್ನ ಗಾಂಭೀರ್ಯವೆಲ್ಲ ಕನ್ನಡಕದ್ದೇ ಎಂದು ಅವತ್ತು ಗೊತ್ತಾಯಿತು.

ಜವಳದ ದಿನ ಬಂತು. ಹೇಮಾವತಿಯ ಗುಡಿಯ ಅಂಗಳದಲ್ಲಿ ನೆಂಟರೆಲ್ಲ ಸೇರಿದ್ದರು. ಅಮ್ಮನನ್ನು ಹಿಂದಿನ ದಿನವೇ ಕರೆತಂದಿದ್ದರು. ನಾಗರಾಜನೂ ಬಂದಿದ್ದ, ಹೊಸ ಪಂಚೆ ಉಟ್ಟು ಬಂದಿದ್ದ, ಅದೂ ಸ್ಪಷ್ಟವಾಗಿ ಕಂಡಿತು. ಬಾಗಿಲಲ್ಲೇ ನಿಂತು ಅಂಗಳವನ್ನೆಲ್ಲ ನೋಡಿದೆ. ಆ ತುದಿಯಲ್ಲಿ ಕಲ್ಲು ನಂದಿಯ ಪಕ್ಕ, ಬಿಳಿ ಅಂಗಿ, ಕೈಯಲ್ಲಿ ಚೀಲ, ಮೀಸೆಯ ಎಡತುದಿ ಬಲತುದಿಗಿಂತ ಸ್ವಲ್ಪ ಗಿಡ್ಡ. ಭಾವ! ಅವನ ಮೀಸೆ ಹಾಗಿದೆ ಎಂದು ಇಷ್ಟು ವರ್ಷದಲ್ಲಿ ನನಗೆ ಗೊತ್ತೇ ಇರಲಿಲ್ಲ. "ಭಾವಾ, ಚೆನ್ನಾಗಿದ್ದೀರಾ?" ಎಂದು ಅಚ್ಚ ಕನ್ನಡದಲ್ಲಿ ಗುಡಿಯೇ ತಿರುಗಿ ನೋಡುವ ಹಾಗೆ ಕೂಗಿದೆ. ಅವನು ನನ್ನ ಕಡೆ ನೋಡಿದ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಇನ್ನೂ ಸಿಟ್ಟು ಇಳಿದಿಲ್ಲ ಎಂದುಕೊಂಡು ಕುಗ್ಗಿ, ಹತ್ತಿರ ಹೋಗಿ ಮತ್ತೆ ಮಾತಾಡಿಸಿದೆ. ತೀರಾ ಎದುರಿಗೆ ನಿಂತ ಮೇಲೆ ಅವನು ಒಮ್ಮೆಲೇ ಅರಳಿ, "ಓ, ಮೇಷ್ಟ್ರು! ಕನ್ನಡಕ ಎಲ್ಲೋಯ್ತು? ಅಷ್ಟು ದೂರದಿಂದ ಗುರುತಿಡಿದ್ರಲ್ಲ, ಗೆದ್ರಿ ಬಿಡಿ" ಎಂದು ನನ್ನ ಕೈ ಹಿಡಿದುಕೊಂಡ. ಮಂಜುಳ ದೂರದಿಂದ ನೋಡುತ್ತಿದ್ದವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿದರು. ಕತ್ತರಿ ಕೊಟ್ಟರು. ಹುಡುಗನ ಕಿವಿಯ ಹಿಂದೆ ಎಳ್ಳಿನಷ್ಟು ಮಚ್ಚೆ ಇತ್ತು. ಅಂಥದ್ದೇ ಮಚ್ಚೆ ನಮ್ಮ ಅಮ್ಮನಿಗೆ ಇದೆ. ಅವನನ್ನು ನಾನು ಹುಟ್ಟಿದಾಗಿನಿಂದ 'ಬೆಳ್ಳಗಿರುವ ಒಂದು ಮುದ್ದೆ' ಎಂದಷ್ಟೇ ನೋಡಿದ್ದೆ. ಈಗ ರೆಪ್ಪೆಗೂದಲುಗಳು ಒಂದೊಂದೂ ಕಾಣುತ್ತಿದ್ದವು. ನನಗೆ ಸಂತೋಷ ತಡೆಯಲಾಗಲಿಲ್ಲ, ಕಣ್ಣು ತುಂಬಿ ಬಂತು. ಡಾಕ್ಟರಮ್ಮ ಹೇಳಿದ ಪಾಲಿಗಿಂತ ಹೆಚ್ಚೇ ಬಂತು. ಲೆನ್ಸು ತೇಲಿ ಹೋದೀತೆಂದು ತಲೆಯನ್ನು ಅಲುಗಿಸದೆ, ಆಕಾಶ ನೋಡುವವನಂತೆ ಗಲ್ಲ ಎತ್ತಿಕೊಂಡೇ ಮೊದಲ ಎಳೆ ಕತ್ತರಿಸಿದೆ. "ಮಾವ ಏನು ಭಕ್ತಿಯಿಂದ ಮಾಡ್ತಾನೆ ನೋಡ್ರೇ" ಎಂದಳು ಯಾರೋ ಒಬ್ಬಳು ಮುದುಕಿ.

ಮಿಕ್ಕ ಕೂದಲು ತೆಗೆಸಿ, ಸ್ನಾನ ಮಾಡಿಸಿ, ಬೋಳುತಲೆಗೆ ಗಂಧ ಹಚ್ಚಿದ ಮೇಲೆ ಹುಡುಗ ನನ್ನ ಸೊಂಟ ಬಿಟ್ಟು ಇಳಿಯಲೊಲ್ಲ. ಅವನನ್ನು ಎತ್ತಿಕೊಂಡು ಭಾವನ ಹಿಂದೆಯೇ ನಿಂತಿದ್ದೆ. ಊಟಕ್ಕೆ ಎಲೆ ಹಾಕುತ್ತಿದ್ದರು. ಅಷ್ಟರಲ್ಲಿ ಗುಡಿ ನೋಡಲು ಬಂದಿದ್ದ ಯಾರೋ ಒಬ್ಬ ಕಂಬದ ಹತ್ತಿರ ನಿಂತ. ನನ್ನಷ್ಟೇ ಎತ್ತರ, ನನ್ನಂಥದೇ ಬಡಕಲು ಮೈ, ದಪ್ಪ ಕಪ್ಪು ಫ್ರೇಮಿನ ಕನ್ನಡಕ. ಭಾವ ಅವನತ್ತ ಕೈ ಎತ್ತಿ, ಬಾಯಿ ತುಂಬ ನಕ್ಕು, "ಬನ್ನಿ ಬನ್ನಿ, ಮೊದಲ ಪಂಕ್ತಿಗೇ ಕೂತ್ಕಳಿ!" ಎಂದು ಕರೆಯುತ್ತಾ ನಾಲ್ಕು ಹೆಜ್ಜೆ ಹೋದ. ಆ ಮನುಷ್ಯ ಗಾಬರಿಯಾಗಿ, "ವದ್ದಣ್ಣಾ, ತಿನೇಸಿ ವಚ್ಚಿನಾನು" ಎಂದು, ಊಟ ಮಾಡಿಯೇ ಬಂದಿದ್ದೇನೆ ಎನ್ನುತ್ತಾ ಕೈಯಾಡಿಸಿ ಅತ್ತ ತಿರುಗಿದ.

ಭಾವನ ನಗು ಆರಿತು. ಗರಕ್ಕನೆ ತಿರುಗಿ ತಂಗಿಯ ಕಡೆ ಕೂಗಿದ: "ನೋಡ್ದೇನೇ ನಿಮ್ಮಣ್ಣನ್ನ! ಕತ್ತರಿ ಕೊಟ್ಟು ಇನ್ನೂ ಒಂದು ಗಳಿಗೆ ಆಗಿಲ್ಲ, ಆಗ್ಲೇ ನನ್ನ ಹತ್ರ ಮತ್ತೆ ತೆಲುಗು!"

"ಭಾವ, ನಾನು ಇಲ್ಲಿದ್ದೀನಿ" ಎಂದೆ, ಅವನ ಮೊಣಕೈ ಪಕ್ಕದಿಂದ.

ಭಾವ ನನ್ನನ್ನು ನೋಡಿದ. ಕಂಬದ ಹತ್ತಿರದವನನ್ನು ಕಣ್ಣು ಕಿರಿದು ಮಾಡಿ ನೋಡಿದ. ಮತ್ತೆ ನನ್ನನ್ನು ನೋಡಿದ. ಮಂಜುಳ ನಗಲು ಶುರು ಮಾಡಿದವಳು ನಿಲ್ಲಲಾರದೆ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟಳು. ಹುಳದ ಮೂತಿ ಕಾಣುವ ಭಾವನಿಗೆ ಮೂಗಿನಿಂದ ಮೊಳ ದೂರದಾಚೆಗೆ ಮನುಷ್ಯರ ಮೂತಿ ಕಾಣುವುದಿಲ್ಲ! ಇಷ್ಟು ವರ್ಷ ಅವನು ಗುರುತು ಹಿಡಿಯುತ್ತಿದ್ದದ್ದು ನನ್ನನ್ನಲ್ಲ, ನನ್ನ ಕನ್ನಡಕವನ್ನು.

ರೇಣುಕಾ ಸೊಂಟಕ್ಕೆ ಕೈ ಇಟ್ಟುಕೊಂಡು ಮುಂದೆ ಬಂದಳು. "ಹಂಗಾರ ಅವತ್ತು ಮಡಕಶಿರಾದಾಗ ಇದ್ದಾಂವ ಯಾರ್ರೀ? ನಾ ಹೇಳಿದ್ನಿಲ್ಲೋ, ನೀವು ಕಣೇಕಲ್ಲಿನಾಗ ಇದ್ರಿ ಅಂತ? ಉಸುಕು ಜಾಡಿಸಿದಾಕಿ ನಾನು!"

ನನಗೆ ಏಕಾಏಕಿ ಧೈರ್ಯ ಬಂತು. ಜೀವನದಲ್ಲಿ ಮೊದಲ ಸಲ ನಾನು ನಿರಪರಾಧಿಯಾಗಿದ್ದೆ. ಎದೆ ಸೆಟೆಸಿ, ದೊಡ್ಡ ಮನಸ್ಸು ಮಾಡಿ, ಹೋಗಲಿ ಬಿಡಿ ಭಾವ, ನಿಮ್ಮನ್ನೂ ಬಳ್ಳಾರಿಗೆ ಕರೆದುಕೊಂಡು ಹೋಗುತ್ತೇನೆ ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಭಾವ ಕೇಳಿದ:

"ಅಲ್ಲಾ ಮೇಷ್ಟ್ರೇ, ಅವತ್ತು ಅಲ್ಲಿದ್ದೋನು ನೀವಲ್ಲ ಅಂದ್ರೆ, ನಾನು ಬಿಳಿ ಅಂಗಿ ಹಾಕಿದ್ದು, ಕೈಲಿ ಚೀಲ ಹಿಡ್ಕಂಡಿದ್ದು, ನಕ್ಕಿದ್ದು, ಇದೆಲ್ಲ ನಿಮಗೆ ಎಂಗೆ ನೆಪ್ಪಿತ್ತು?"

ಎಲ್ಲರೂ ನನ್ನತ್ತ ತಿರುಗಿದರು. ಹಿಂದೆಲ್ಲ ಇಂಥ ಸಂದರ್ಭದಲ್ಲಿ ನನಗೆ ಒಂದಿಷ್ಟು ಮಸುಕು ಮಾತ್ರ ಕಾಣುತ್ತಿತ್ತು, ಆ ಮಸುಕಿನಲ್ಲಿ ನಾನು ನೆಮ್ಮದಿಯಾಗಿ ಇರುತ್ತಿದ್ದೆ. ಈಗ ಒಂದೊಂದು ಮುಖವೂ ಕಂಡಿತು. ನಾಗರಾಜನ ತುಟಿಯಂಚಿನ ನಗು, ಅಮ್ಮನ ಎತ್ತಿದ ಹುಬ್ಬು, ರೇಣುಕಾ ಮೂಗಿನ ಹೊಳ್ಳೆ ಅರಳಿಸಿದ್ದು, ಎಲ್ಲ ಅತಿ ಸ್ಪಷ್ಟವಾಗಿ, ಬಾಲವಿಲ್ಲದೆ, ನೆರಳಿಲ್ಲದೆ.

"ಕಣ್ಣಿಗೆ ಏನೋ ಧೂಳು ಬಿತ್ತು" ಎಂದೆ. ಮಗುವನ್ನು ಮಂಜುಳನ ಕೈಗೆ ಕೊಟ್ಟು, ಕಂಬದ ಮರೆಗೆ ಹೋಗಿ, ಜೇಬಿನಿಂದ ಡಬ್ಬಿ ತೆಗೆದು, ಎರಡೂ ಲೆನ್ಸು ಕಿತ್ತು ಅದರೊಳಗೆ ಹಾಕಿ ಮುಚ್ಚಳ ಭದ್ರಪಡಿಸಿದೆ. ಲೋಕ ಮತ್ತೆ ಮೊದಲಿನಂತೆ ಮೆತ್ತಗಾಯಿತು. ಹೆಂಗಸರ ನಗು ಕೇಳುತ್ತಿತ್ತು, ಆದರೆ ಯಾರದೆಂದು ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಯಾರೋ ಬಂದು ನನ್ನ ಹೆಗಲು ಮುಟ್ಟಿದರು. ಬಿಳಿಬಿಳಿಯಾಗಿ ಏನೋ ಕಂಡಿತು. ಈ ಸಲ ತಪ್ಪು ಮಾಡುವುದು ಬೇಡವೆಂದು ಎರಡೂ ಕೈ ಹಿಡಿದುಕೊಂಡು, ಅಚ್ಚ ಕನ್ನಡದಲ್ಲಿ, ಹೃದಯ ತುಂಬಿ ಹೇಳಿದೆ: "ಭಾವ, ನಂದು ತಪ್ಪಾಯ್ತು. ಮನಸ್ಸಿನಲ್ಲಿ ಇಟ್ಟುಕೋಬೇಡಿ."

"ನೇನು ಮೀ ಬಾವನು ಕಾದಂಡೀ" ಎಂದಿತು ಆ ಬಿಳುಪು, ನಾನು ನಿಮ್ಮ ಭಾವ ಅಲ್ಲ ಸ್ವಾಮಿ ಎಂದು. ಕನ್ನಡಕದ ಆ ಮನುಷ್ಯನನ್ನು ನನ್ನ ತಂಗಿ ಬಲವಂತ ಮಾಡಿ ಊಟಕ್ಕೆ ಕರೆದಿದ್ದಳಂತೆ. ಕೈ ತೊಳೆಯುವ ನೀರು ಎಲ್ಲಿದೆ ಎಂದು ಅವನು ನನ್ನನ್ನು ಕೇಳಲು ಬಂದಿದ್ದ.